ನೂರಾ ಹದಿನೇಳನೇ ಪುಟದ ಕೊಂಬು

ಅವಳನ್ನು ಎಲ್ಲರೂ ಪ್ರೂಫಕ್ಕ ಅನ್ನುತ್ತಾರೆ. ಮುದ್ರಣಾಲಯದ ಯಜಮಾನರು ಅನ್ನುತ್ತಾರೆ, ಕಾಗದ ಕತ್ತರಿಸುವವರು ಅನ್ನುತ್ತಾರೆ, ಪುಸ್ತಕದ ಕಟ್ಟು ಒಯ್ಯಲು ಬರುವ ವ್ಯಾನಿನ ಡ್ರೈವರು ಅನ್ನುತ್ತಾನೆ. ಮುನಿಸು ಬಂದ ದಿನ ಗಂಡನೂ ಅನ್ನುತ್ತಾನೆ. ಅವಳ ಕಚೇರಿ ಮೆಟ್ಟಿಲ ಕೆಳಗೆ. ನೆಟ್ಟಗೆ ನಿಂತರೆ ಅಲ್ಲಿ ತಲೆ ತಾಗುತ್ತದೆ. ಆದ್ದರಿಂದ ಎಂಥ ದೊಡ್ಡ ಮನುಷ್ಯನೂ ಅವಳ ಮುಂದೆ ಬಗ್ಗಿಯೇ ಬರಬೇಕು. ಇಪ್ಪತ್ತು ವರ್ಷದಿಂದ ದಿನಾ ಸಿಗುತ್ತಿರುವ ಈ ಸಂತೋಷವನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ.

ಓದಿದ್ದು ಹತ್ತನೇ ತರಗತಿ. ಮುದ್ರಣಾಲಯಕ್ಕೆ ಬಂದಿದ್ದು ಪುಸ್ತಕದ ಬೆನ್ನಿಗೆ ಅಂಟು ಹಚ್ಚಲು. ಒಂದು ಮಧ್ಯಾಹ್ನ ಯಾವುದೋ ಸಂಘದ ವರದಿಯ ಹಾಳೆ ಮಡಿಸುತ್ತ ಕೂತವಳು, ಸಂಘಕ್ಕೆ ನೆರವಾದ ದಾನಿಗಳು ಎಂದಿರಬೇಕಾದ ಕಡೆ ದನಗಳು ಎಂದು ಅಚ್ಚಾಗಿರುವುದನ್ನು ಕಂಡು ನಗು ತಡೆಯಲಾರದೆ ಅಂಟಿನ ಡಬ್ಬಿ ಉರುಳಿಸಿಬಿಟ್ಟಳು. ಮೂರು ಜನ ನೋಡಿ ಪಾಸು ಮಾಡಿದ ಹಾಳೆ ಅದು. ಮರುದಿನವೇ ಯಜಮಾನರು ಅವಳ ಕೈಯಿಂದ ಅಂಟಿನ ಕುಂಚ ಕಿತ್ತುಕೊಂಡು ಕೆಂಪು ಪೆನ್ನು ಕೊಟ್ಟರು.

ಅವಳ ಓದು ಉಲ್ಟಾ ಓದು. ಪುಟದ ಕೊನೆಯ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹತ್ತುತ್ತಾಳೆ. ಕತೆಯ ಹಿಂದೆ ಹೋದರೆ ಕಣ್ಣು ಸೋಮಾರಿಯಾಗುತ್ತದೆ, ಇರಬೇಕಾದ್ದನ್ನು ತಾನೇ ತುಂಬಿಕೊಂಡು ಮುಂದೆ ಹೋಗುತ್ತದೆ. ಉಲ್ಟಾ ಹೋದರೆ ಒಂದೊಂದು ಪದವೂ ಒಂಟಿಯಾಗಿ ಸಿಕ್ಕಿಬೀಳುತ್ತದೆ ಎಂಬುದು ಅವಳೇ ಕಂಡುಕೊಂಡ ಸತ್ಯ. ಓದುವಾಗ ತುಟಿ ಅಲ್ಲಾಡುತ್ತಿರುತ್ತದೆ. ಕೊಂಬು, ದೀರ್ಘ, ಎತ್ವ, ಒತ್ತು, ಅಲ್ಪವಿರಾಮ ಎಂದು ಎಳೆ ಮಕ್ಕಳಂತೆ ಬಾಯಲ್ಲೇ ಹೇಳಿಕೊಳ್ಳುತ್ತಾಳೆ. ಹೊಸಬರು ಕಂಡರೆ ಗಾಬರಿಯಾಗುತ್ತಾರೆ. ಹಳಬರು, ಪ್ರೂಫಕ್ಕ ಜಪದಲ್ಲಿದ್ದಾಳೆ, ಆಮೇಲೆ ಬನ್ನಿ ಎಂದು ಕಳಿಸುತ್ತಾರೆ.

ಇಪ್ಪತ್ತಾರನೇ ವಯಸ್ಸಿನಲ್ಲಿ, ಎರಡನೇ ಹೆರಿಗೆಯಾದ ಮೇಲೆ, ಅವಳು ಆರು ವಾರ ಮಾನಸಿಕ ಆಸ್ಪತ್ರೆಯಲ್ಲಿದ್ದಳು. ಇದನ್ನು ಅವಳು ಬಚ್ಚಿಡುವುದಿಲ್ಲ. ಈಗಲೂ ಬೆಳಿಗ್ಗೆ ಚಹಾದ ಜೊತೆ ಒಂದು ಮಾತ್ರೆ ನುಂಗುತ್ತಾಳೆ. ಯಾರಾದರೂ ಏನದು ಎಂದರೆ, ತಲೆಗೆ ಹಾಕುವ ಎಣ್ಣೆ, ಒಳಗಿನಿಂದ ಹಾಕ್ಕೋತೀನಿ ಅನ್ನುತ್ತಾಳೆ. ಕಾಯಿಲೆ ಬಂದಿತ್ತು, ಔಷಧಿಯಿಂದ ತಹಬಂದಿಗೆ ಬಂತು. ಅವಳ ಗಂಟಲಲ್ಲಿ ಮುಳ್ಳಾಗಿ ಉಳಿದಿದ್ದು ಬೇರೆ. ಅವಳಿಗೆ ಕಾಯಿಲೆ ಬರುವ ಮೊದಲಿನ ಒಂದೂವರೆ ವರ್ಷದ ಕತೆಯನ್ನು ಯಾರೂ ಕೇಳಲಿಲ್ಲ. ಹಾಸಿಗೆ ಹಿಡಿದಿದ್ದ ಅತ್ತೆ, ಎರಡು ವರ್ಷದ ಮಗು, ಹೊಟ್ಟೆಯಲ್ಲಿ ಇನ್ನೊಂದು, ನೀರಿಗೆ ಕೆಳಗಿನ ಬೀದಿಯ ನಲ್ಲಿ. ಮನೆಗೆ ಬಂದವರೆಲ್ಲ ಅವಳ ಹಣೆ ನೋಡಿ, ಪಾಪ ಹುಚ್ಚು ಅಂದರು. ಮನೆಯನ್ನೊಮ್ಮೆ ನೋಡಿ ಏನಾದರೂ ಅಂದವರಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ, ನರ್ಸಿನ ಮೇಜಿನ ಮೇಲೆ ಒಂದು ರಟ್ಟು ಹರಿದ ಕಾದಂಬರಿ ಇತ್ತು. ಹೆಸರು ‘ಏಳನೇ ಹಾಸಿಗೆ’. ಬರೆದಾಕೆ ಒಬ್ಬ ಶಾಲಾ ಶಿಕ್ಷಕಿ. ತಾನೂ ಇಂಥದೇ ಆಸ್ಪತ್ರೆಯಲ್ಲಿ ಐದು ತಿಂಗಳು ಇದ್ದು ಬಂದು, ತನ್ನ ಬದುಕಿನ ಮುಕ್ಕಾಲು ಪಾಲು ನಿಜಕ್ಕೆ ಕಾಲು ಪಾಲು ಕಲ್ಪನೆ ಬೆರೆಸಿ ಬರೆದಿದ್ದಳು. ಅದರಲ್ಲೂ ಒಬ್ಬ ಶಿಕ್ಷಕಿ, ಅದರಲ್ಲೂ ಒಂದು ತುಂಬಿದ ಮನೆ. ಪ್ರೂಫಕ್ಕ, ಆಗಿನ್ನೂ ಪ್ರೂಫಕ್ಕ ಆಗಿರದ ಇಪ್ಪತ್ತಾರರ ಹೆಂಗಸು, ಮೂರು ದಿನ ಆ ಪುಸ್ತಕವನ್ನು ಎದೆಗೆ ಅವಚಿಕೊಂಡು ಓದಿದಳು. ಅರ್ಧ ದಾಟಿದ ಮೇಲೆ ಒಂದು ಸಾಲು ಬಂತು: ‘ನನಗೆ ಹುಚ್ಚಾಯಿತು.’ ಅಲ್ಲಿಗೆ ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟಳು. ಅಷ್ಟು ಬುದ್ಧಿವಂತೆಯೇ ಹಾಗೆ ಒಪ್ಪಿಕೊಂಡ ಮೇಲೆ ತನ್ನದೇನು ಎನಿಸಿತು. ಮುಂದಿನ ಪುಟಗಳನ್ನು ಅವಳು ಓದಲಿಲ್ಲ.

ಈ ಕಾದಂಬರಿಯೇ ಇಪ್ಪತ್ತೆಂಟು ವರ್ಷದ ಮೇಲೆ, ಒಂದು ಸೋಮವಾರ, ಮೆಟ್ಟಿಲ ಕೆಳಗಿನ ಮೇಜಿಗೆ ಬಂತು. ಬರೆದಾಕೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಲವತ್ತು ವರ್ಷದ ಹಿಂದೆ ಅದನ್ನು ಮೊದಲು ಅಚ್ಚು ಮಾಡಿದ್ದು ಈ ಮುದ್ರಣಾಲಯವೇ, ಈಗಿನ ಯಜಮಾನರ ತಂದೆಯ ಕಾಲದಲ್ಲಿ. ಈಗ ಹೊಸ ಮುದ್ರಣ. ಹಳೆ ಪ್ರತಿ ನೋಡಿ, ಪುಟಕ್ಕೆ ಪುಟ ಹೊಂದುವಂತೆ, ಕಂಪ್ಯೂಟರಿನಲ್ಲಿ ಟೈಪು ಮಾಡಿಸಿದ್ದರು, ಮುಂದೆ ಒಂದು ದೊಡ್ಡ ಮುನ್ನುಡಿ ಸೇರಿಸಿದ್ದರು. ಹತ್ತು ದಿನ ಬಿಟ್ಟು, ಗುರುವಾರ ಬೆಳಿಗ್ಗೆ ಯಂತ್ರಕ್ಕೆ ಹೋಗಬೇಕು.

ಮುನ್ನುಡಿ ಬರೆದವರು ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರು. ನಗರದಲ್ಲಿ ಯಾವ ಪುಸ್ತಕ ಬಂದರೂ ಮುಂದಿನ ಹನ್ನೆರಡು ಪುಟ ಅವರಿಗೇ ಮೀಸಲು, ಹೀಗಾಗಿ ಅವರಿಗೆ ಮುನ್ನುಡಿ ಮೇಷ್ಟ್ರು ಎಂದೇ ಹೆಸರು. ಮುನ್ನುಡಿಯ ತಲೆಬರಹ: ‘ಹುಚ್ಚಾಯಿತು: ಒಂದು ತಪ್ಪೊಪ್ಪಿಗೆ’. ಆ ಒಂದು ಸಾಲೇ ಕಾದಂಬರಿಯ ಪ್ರಾಣ ಎಂದಿದ್ದರು. ಇದು ಕಲೆ ಎನ್ನುವುದಕ್ಕಿಂತ ರೋಗಿಯೊಬ್ಬಳ ದಿನಚರಿ ಎಂದಿದ್ದರು. ನಾಯಕಿ ತನ್ನ ಕೆಲಸಗಳನ್ನು ಪಟ್ಟಿ ಮಾಡುವುದು ಎಣಿಕೆಯ ಗೀಳು, ರೋಗದ ಮೊದಲ ಲಕ್ಷಣ ಎಂದಿದ್ದರು. ಅವಳ ಗಂಡನನ್ನು ಸಹನಾಮೂರ್ತಿ ಎಂದಿದ್ದರು.

ಪ್ರೂಫಕ್ಕ ಎಂದಿನಂತೆ ಉಲ್ಟಾ ಓದಿದಳು. ನೂರಾ ಹದಿನೇಳನೇ ಪುಟಕ್ಕೆ ಬರುವಾಗ ಬುಧವಾರ. ಆ ಸಾಲು ಈ ಸಲ ಒಂಟಿಯಾಗಿ ಎದುರಾಯಿತು. ಇಪ್ಪತ್ತಾರನೇ ವಯಸ್ಸಿನಲ್ಲಿ ಎದೆಗೆ ತಾಗಿದ್ದು ಐವತ್ನಾಲ್ಕಕ್ಕೆ ಕಣ್ಣಿಗೆ ತಾಗಿತು. ಹ, ಕೊಂಬು, ಹು. ಬಾಯಿ ನಿಂತಿತು. ಹುಚ್ಚು ಹಿಡಿಯುತ್ತದೆ. ಹುಚ್ಚು ಬರುತ್ತದೆ, ಕೆರಳುತ್ತದೆ, ಬಿಡುತ್ತದೆ. ‘ನನಗೆ ಹುಚ್ಚಾಯಿತು’ ಎಂದು ಯಾರು ಮಾತಾಡುತ್ತಾರೆ? ಅವಳು ಪುಸ್ತಕವನ್ನು ತಲೆಕೆಳಗು ಮಾಡಿ ಜಾಲಾಡಿದಳು. ಇದೇ ಲೇಖಕಿ ಬೇರೆ ನಾಲ್ಕು ಕಡೆ ಆ ಪದ ಬಳಸಿದ್ದಳು. ನಾಲ್ಕು ಕಡೆಯೂ ‘ಹುಚ್ಚು ಹಿಡಿಯಿತು’. ಇನ್ನೂರು ಪುಟದಲ್ಲಿ ಒಂದು ಅಲ್ಪವಿರಾಮವನ್ನೂ ಪೋಲು ಮಾಡದ ಕೈ ಅದು. ಆ ಕೈ ಇಲ್ಲೊಂದೇ ಕಡೆ ಯಾಕೆ ಎಡವಿತು?

ಕೊಂಬು ತೆಗೆದು ಎತ್ವ ಹಾಕಿ ನೋಡಿದಳು. ‘ನನಗೆ ಹೆಚ್ಚಾಯಿತು.’

ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚುವುದನ್ನೇ ಮರೆತಳು.

ಭಾನುವಾರ ಮಧ್ಯಾಹ್ನ ಅವಳ ಕೂಟವೊಂದಿದೆ. ನಾದಿನಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಬೀದಿಯ ಮೂಲೆಯಲ್ಲಿ ಅವಳ ಅಂಗಡಿ. ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ನಾಲ್ಕು ಜನ ಒಳಗೆ ಕೂರುತ್ತಾರೆ: ಪ್ರೂಫಕ್ಕ, ನಾದಿನಿ, ಹಗಲು ಪಾಳಿಯ ಒಬ್ಬ ನರ್ಸಮ್ಮ, ರೈಲ್ವೆ ಟಿಕೆಟ್ ಕೌಂಟರಿನ ಒಬ್ಬಾಕೆ. ಯಾರಾದರೂ ಒಬ್ಬರು ಪುಸ್ತಕ ಓದುತ್ತಾರೆ, ಮಿಕ್ಕವರು ಬಾಯಿ ಹಾಕುತ್ತಾರೆ. ನಾದಿನಿ ಮಾತ್ರ ಅಂಚು ಮಡಿಸುತ್ತ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ವಿಮರ್ಶೆ ಮಾಡುವವಳು.

ಆ ಭಾನುವಾರ ಪ್ರೂಫಕ್ಕ ನೂರಾ ಹದಿನಾರು, ನೂರಾ ಹದಿನೇಳು ಎರಡೇ ಪುಟ ಓದಿದಳು. ಅದು ಒಂದೇ ವಾಕ್ಯ. ಹಾಲು ಕಾಯಿಸಿದೆ, ಮಾವನ ಕಾಲಿಗೆ ಎಣ್ಣೆ ತಿಕ್ಕಿದೆ, ಗಂಡನ ಅಂಗಿಗೆ ಇಸ್ತ್ರಿ ಹಾಕಿದೆ, ತರಕಾರಿ ಹೆಚ್ಚಿದೆ, ಶಾಲೆಗೆ ಓಡಿದೆ, ನಲವತ್ತೆರಡು ಮಕ್ಕಳ ಕಾಪಿ ತಿದ್ದಿದೆ, ಬರುತ್ತ ಸೀಮೆಎಣ್ಣೆಗೆ ನಿಂತೆ, ಹೀಗೆ ಒಂದರ ಹಿಂದೆ ಒಂದು, ನಡುವೆ ಉಸಿರಿಗೂ ಜಾಗವಿಲ್ಲ. ಕೊನೆಗೆ ಅತ್ತೆಯ ತಂಗಿ ಎರಡು ತಿಂಗಳು ಇರಲೆಂದು ಪೆಟ್ಟಿಗೆ ಸಮೇತ ಬಂದಿಳಿಯುತ್ತಾಳೆ. ಆಮೇಲೆ ಆ ಎರಡು ಪದದ ಸಾಲು.

ಪ್ರತಿಯೊಂದು ಕೆಲಸಕ್ಕೂ ನಾದಿನಿ ಬಾಯಿಂದ ಒಂದು ಗುಂಡುಪಿನ್ನು ತೆಗೆದು ಮೆತ್ತೆಗೆ ಚುಚ್ಚುತ್ತ ಹೋದಳು. ಬಾಯಲ್ಲಿದ್ದದ್ದು ಮುಗಿದು ಡಬ್ಬಿಗೆ ಕೈ ಹಾಕಿದಳು. ಓದು ಮುಗಿಯುವಾಗ ಮೆತ್ತೆಯಲ್ಲಿ ಮೂವತ್ತೊಂದು ಪಿನ್ನು ನಿಂತಿದ್ದವು.

"ಇದನ್ನ ಎಣಿಕೆಯ ಗೀಳು ಅಂತ ಬರೆದಿದಾರಾ ಮೇಷ್ಟ್ರು?" ಎಂದಳು ನಾದಿನಿ. "ನಾನು ಸೊಂಟದ ಅಳತೆ ಬರ್ಕೊಂಡ್ರೆ ಅದೂ ಗೀಳೇ ಹಾಗಾದ್ರೆ. ಅಳತೆ ಕೊಟ್ಟಿದಾಳೆ ಕಣೇ ಅತ್ತಿಗೆ ಆ ಟೀಚರಮ್ಮ. ಹೊಲಿಯೋಕೆ ಬರದೋರು ಅಳತೇನೇ ತಪ್ಪು ಅಂತಿದಾರೆ."

ಪ್ರೂಫಕ್ಕ ಆಗ ತನ್ನ ಗುಟ್ಟು ಹೊರಗೆ ಹಾಕಿದಳು. ಕೊಂಬು ತೆಗೆದು ಎತ್ವ ಹಾಕಿ ಓದಿದಳು. ಆಮೇಲೆ ನಾದಿನಿ, "ಹೆಚ್ಚಿ ಹೆಚ್ಚಿ ಹೆಚ್ಚಾಯ್ತು ಅನ್ನು" ಅಂದಳು ನೋಡಿ, ನರ್ಸಮ್ಮ ಕುಡಿಯುತ್ತಿದ್ದ ಚಹಾ ಮೂಗಿಗೆ ಹತ್ತಿತು. ನಾಲ್ವರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಟಿಕೆಟ್ ಕೌಂಟರಿನಾಕೆಯ ಕಣ್ಣಲ್ಲಿ ಬಂದ ನೀರು ನಗುವಿನದು ಮಾತ್ರ ಆಗಿರಲಿಲ್ಲ. ಮತ್ತೆ ಅವರು ಸಹನಾಮೂರ್ತಿಯ ಬೆನ್ನು ಹತ್ತಿದರು. ಮೊದಲ ನೂರಾ ಹದಿನಾರು ಪುಟದಲ್ಲಿ ಆ ಗಂಡ ತನ್ನ ಕುರ್ಚಿಯಿಂದ ಎಷ್ಟು ಸಲ ಏಳುತ್ತಾನೆ ಎಂದು ಹುಡುಕಿದರು. ಒಂದು ಸಲ ಎದ್ದಿದ್ದ, ಸೆಖೆಯೆಂದು ಕಿಟಕಿ ತೆಗೆಯಲು.

ಈ ಲೆಕ್ಕ ಮನೆಗೂ ಮುಟ್ಟಿತು. ಪ್ರೂಫಕ್ಕನ ಗಂಡ ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್, ಮಾತು ಕಡಿಮೆ. ಅವಳು ಆಸ್ಪತ್ರೆಯಲ್ಲಿದ್ದ ಆರು ವಾರವೂ ದಿನಾ ನಾಲ್ಕು ಗಂಟೆಗೆ ಫ್ಲಾಸ್ಕ್ ಹಿಡಿದು ಬಂದು, ಏನು ಹೇಳಬೇಕೆಂದು ತಿಳಿಯದೆ, ಮಂಚದ ಸಡಿಲ ನಟ್ಟುಗಳನ್ನೆಲ್ಲ ಬಿಗಿ ಮಾಡಿ ಹೋದವನು. ತಂಗಿಯ ಬಾಯಿಂದ ಸಹನಾಮೂರ್ತಿಯ ಕತೆ ಕೇಳಿದ ರಾತ್ರಿ ಊಟದ ನಡುವೆ ಗಂಭೀರವಾಗಿ ಎದ್ದು ಹೋಗಿ ತಾನೇ ನೀರು ತಂದುಕೊಂಡ. "ಒಂದು," ಎಂದ. "ಬರ್ಕೋ."

ಸೋಮವಾರ ಪ್ರೂಫಕ್ಕ ಯಜಮಾನರ ಮುಂದೆ ಆ ಪುಟ ಇಟ್ಟಳು. ಯಜಮಾನರು ಕೆಟ್ಟವರಲ್ಲ. ಆದರೆ ಗುರುವಾರ ಯಂತ್ರ ತಿರುಗಬೇಕು, ಮುನ್ನುಡಿಯ ತಲೆಬರಹವೇ ಆ ಪದ. ಹಳೆ ಪುಸ್ತಕದಲ್ಲಿ ಹೇಗಿದೆಯೋ ಹಾಗಿರಲಿ, ನಿಮ್ಮ ಊಹೆಗೆಲ್ಲ ಪುಸ್ತಕ ತಿದ್ದೋಕಾಗುತ್ತಾ, ಆಧಾರ ಏನಿದೆ ಎಂದರು. ಕೈಬರಹದ ಪ್ರತಿ ಎಂದೋ ಗೆದ್ದಲಿಗೆ ಹೋಗಿತ್ತು. ಆಧಾರ ಇರಬಹುದಾದದ್ದು ಒಬ್ಬರ ತಲೆಯೊಳಗೆ ಮಾತ್ರ. ಆ ಕಾಲದಲ್ಲಿ ಒಂದೊಂದೇ ಅಚ್ಚುಮೊಳೆ ಹೆಕ್ಕಿ ಸಾಲು ಜೋಡಿಸುತ್ತಿದ್ದ ಕೆಲಸಗಾರ ಇನ್ನೂ ಇದ್ದರು. ಮೊಳೆಯಪ್ಪ ಎಂದು ಕರೆಯುತ್ತಿದ್ದರು. ಎಂಬತ್ತು ದಾಟಿದರೂ ದಿನಾ ಸಂಜೆ ಸ್ನೇಹಿತರ ಜೊತೆ ಇಸ್ಪೀಟು ಆಡಿ ಗೆದ್ದು ಬರುವ ಗಟ್ಟಿ ಆಸಾಮಿ.

ಅವಳು ಹೋದಾಗ ಮೊಳೆಯಪ್ಪ ಕೈಯಲ್ಲಿದ್ದ ಎಲೆಗಳನ್ನು ಮಗುಚಿಟ್ಟು ಬಂದರು. ಸಾಲು ಕೇಳಿದ ಕೂಡಲೇ ನೆನಪಾಯಿತು. ನೆನಪಾಗಿದ್ದೇ ತಡ, ಹೆಮ್ಮೆಯಿಂದ ನೆಟ್ಟಗೆ ಕೂತರು.

"ಅದನ್ನ ತಿದ್ದಿದ್ದೇ ನಾನಲ್ಲವೇನಮ್ಮ. ಕೈಬರಹದಲ್ಲಿ ಹೆಚ್ಚಾಯಿತು ಅಂತಿತ್ತು. ಆಯಮ್ಮ ಆಸ್ಪತ್ರೆಯಿಂದ ಬಂದೋರು ಅಂತ ಎಲ್ಲರಿಗೂ ಗೊತ್ತು. ಪಾಪ, ಹುಚ್ಚು ಅಂತ ಬರೆಯೋಕೆ ಹೋಗಿ ಕೈ ನಡುಗಿ ಹೆಚ್ಚು ಅಂತ ಬರೆದಿದಾರೆ, ಜನ ನಗ್ತಾರೆ ಅಂತ ನಾನೇ ಕೊಂಬು ಹಾಕ್ದೆ. ಯಾರಿಗೂ ಹೇಳಿಲ್ಲ. ಮಾಡಿದ ಉಪಕಾರ ಹೇಳ್ಕೊಬಾರದು ನೋಡು."

ಪ್ರೂಫಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಬ್ಬ ಒಳ್ಳೆಯ ಮನುಷ್ಯ, ಒಂದು ಒಳ್ಳೆಯ ಮನಸ್ಸಿನಿಂದ, ಒಬ್ಬ ಹೆಂಗಸಿನ ಬಾಯಿಂದ ಅವಳ ಮಾತು ಕಿತ್ತು ಅವಳ ಬಗ್ಗೆ ಊರು ಆಡುವ ಮಾತನ್ನು ತುರುಕಿದ್ದ. ಅದರ ಮೇಲೆ ನಲವತ್ತು ವರ್ಷ ವಿದ್ವಾಂಸರು ಮಹಡಿ ಕಟ್ಟಿದ್ದರು. ಅವಳು ಮೆಲ್ಲಗೆ, ಆಕೆ ಬರೆದಿದ್ದೇ ಸರಿಯಾಗಿತ್ತಲ್ಲವೇ ಎಂದು ಹೇಳಿ ಆ ಎರಡು ಪುಟ ಓದಿದಳು. ಮೊಳೆಯಪ್ಪ ಕೇಳುತ್ತ ಕೇಳುತ್ತ ಸಣ್ಣಗಾದರು. ಆಮೇಲೆ, ಪುಸ್ತಕ ಹೊರಬಿದ್ದ ಹೊಸತರಲ್ಲಿ ಆಯಮ್ಮ ಅಂಚೆ ಕಾರ್ಡು ಬರೆದಿದ್ದರು, ಒಂದಲ್ಲ ಎರಡು, ಹಳೆ ಯಜಮಾನರು ಓದಿ ಫೈಲಿಗೆ ಹಾಕಿದ್ದನ್ನು ಕಂಡಿದ್ದೆ ಎಂದರು. ಅವಳು ಹೊರಡುವಾಗ ಬಾಗಿಲ ತನಕ ಬಂದು, "ಕೊಂಬು ನಂದು ಅಂತ ಬರಿ. ಹೆದರಬೇಡ, ಬರಿ" ಎಂದರು.

ಮಂಗಳವಾರ ನಾದಿನಿ ಅಂಗಡಿಗೆ ಬೀಗ ಹಾಕಿ ಬಂದಳು. ಮುದ್ರಣಾಲಯದ ಅಟ್ಟ ಹತ್ತಲು ಪ್ರೂಫಕ್ಕನಿಗೆ ಮಂಡಿನೋವು. ನಾದಿನಿ ಏಣಿ ಹತ್ತಿ, ಮೂತಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದೇ ಫೈಲು ಬಡಿದು ಕೆಳಕ್ಕೆ ಎಸೆಯುತ್ತ, ನಮ್ಮಣ್ಣನ್ನ ಕಟ್ಕೊಂಡಿದ್ದಕ್ಕೆ ಒಳ್ಳೆ ನಾದಿನಿ ಸಿಕ್ಕಿದಾಳೆ ನೋಡು ಎಂದು ತನ್ನನ್ನು ತಾನೇ ಹೊಗಳಿಕೊಳ್ಳುತ್ತ, ಹನ್ನೊಂದನೆಯ ಫೈಲಿನಲ್ಲಿ ಎರಡು ಹಳದಿ ಕಾರ್ಡು ಹಿಡಿದಳು.

ಮೊದಲನೆಯದರಲ್ಲಿ ಶಿಕ್ಷಕಿಯ ದುಂಡಕ್ಷರ: ‘ನೂರಾ ಹದಿನೇಳನೇ ಪುಟದಲ್ಲಿ ದಯವಿಟ್ಟು ಕೊಂಬು ತೆಗೆದು ಎತ್ವ ಹಾಕಿರಿ. ಆ ಹೊತ್ತಿಗೆ ನನಗೆ ಹುಚ್ಚಾಗಿರಲಿಲ್ಲ, ಹೆಚ್ಚಾಗಿತ್ತು. ಹುಚ್ಚು ಆಮೇಲೆ ಹಿಡಿಯಿತು, ಅದನ್ನು ನೂರಾ ನಲವತ್ತನೇ ಪುಟದಲ್ಲಿ ಬರೆದಿದ್ದೇನೆ. ಎರಡರ ನಡುವೆ ಇಪ್ಪತ್ತಮೂರು ಪುಟ ಇವೆ. ಆ ಇಪ್ಪತ್ತಮೂರು ಪುಟದಲ್ಲಿ ಯಾರಾದರೂ ಒಂದು ಲೋಟ ತೊಳೆದಿದ್ದರೆ ನಾನು ಈ ಕಾದಂಬರಿ ಬರೆಯಬೇಕಾಗಿರಲಿಲ್ಲ.’

ಎರಡನೆಯದು ಚಿಕ್ಕದು: ‘ಮೊದಲ ಕಾರ್ಡು ತಲುಪಿರಬೇಕು. ಕೊಂಬು ತಪ್ಪಿದ ಮಕ್ಕಳಿಂದ ನಾನು ಹತ್ತು ಸಲ ಬರೆಸುತ್ತೇನೆ. ನೀವು ಒಂದೇ ಸಲ ಬರೆದರೆ ಸಾಕು.’

ಅದರ ಕೆಳಗೆ, ಹಳೆ ಯಜಮಾನರ ಕೆಂಪು ಶಾಯಿಯಲ್ಲಿ, ಕಚೇರಿಯವರಿಗಾಗಿ ಒಂದು ಸಾಲು: ‘ಮತ್ತೆ ಶುರುವಾಗಿದೆ. ಉತ್ತರ ಬೇಡ.’

ಪ್ರೂಫಕ್ಕ ಅದನ್ನು ಎರಡು ಸಲ ಓದಿದಳು. ತಪ್ಪು ತಿದ್ದಿ ಎಂದು ಕೇಳಿದ್ದೇ ರೋಗದ ಲಕ್ಷಣವಾಗಿತ್ತು. ಗಂಡಸು ತನ್ನ ಬದುಕು ಬರೆದರೆ ಅನುಭವದ ಸಾರ, ಹೆಂಗಸು ಬರೆದರೆ ಆಸ್ಪತ್ರೆಯ ಚೀಟಿ. ಸಿಟ್ಟಿಗೆ ಅವಳ ಕಿವಿ ಬಿಸಿಯಾಯಿತು. ಆದರೆ ಆ ಸಿಟ್ಟಿನ ಅಡಿಯಿಂದ ಇನ್ನೊಂದು ಉಕ್ಕಿ ಬರುತ್ತಿತ್ತು, ಅವಳಿಗೇ ನಾಚಿಕೆಯಾಗುವಷ್ಟು ಜೋರಾಗಿ: ಖುಷಿ. ಆಯಮ್ಮ ಒಪ್ಪಿಕೊಂಡಿರಲಿಲ್ಲ. ಎರಡು ಕಾರ್ಡು ಬರೆದಿದ್ದಳು. ಏಣಿಯ ಮೇಲಿನಿಂದ ನಾದಿನಿ ಏನಾಯ್ತೆಂದು ಕೇಳಿದಾಗ ಇವಳು ಏಣಿಯನ್ನೇ ತಬ್ಬಿಕೊಂಡು ನಿಂತಿದ್ದಳು.

ಬುಧವಾರ ಬೆಳಿಗ್ಗೆ ಯಜಮಾನರು ಮುನ್ನುಡಿ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಮೆಟ್ಟಿಲ ಕೆಳಗೆ ಬಗ್ಗಿ ಬಂದು ಕುರ್ಚಿ ಹಿಡಿದು ಕೂತರು. ಕಾರ್ಡುಗಳನ್ನು ಓದಿದರು. ಕನ್ನಡಕ ತೆಗೆದರು, ಒರೆಸಿದರು. ಆಮೇಲೆ, ಲೇಖಕಿ ಏನು ಉದ್ದೇಶಿಸಿದಳು ಎನ್ನುವುದು ಮುಖ್ಯವಲ್ಲ, ನಲವತ್ತು ವರ್ಷ ಓದುಗರ ಕೈಯಲ್ಲಿ ಬೆಳೆದ ಪಠ್ಯವೇ ಪಠ್ಯ, ಆ ಕೊಂಬು ಈಗ ಸಾಹಿತ್ಯ ಚರಿತ್ರೆಯ ಭಾಗ ಎಂದರು. ಯಜಮಾನರಿಗೆ ಅರ್ಧ ತಿಳಿಯಿತು, ತಿಳಿದಷ್ಟಕ್ಕೇ ಸಮಾಧಾನವಾಯಿತು.

ಪ್ರೂಫಕ್ಕ ಮುನ್ನುಡಿಯ ಕೊನೆಯ ಪುಟ ಎಳೆದುಕೊಂಡಳು. ಅಲ್ಲಿ ಮೇಷ್ಟ್ರು, ‘ಇದು ನಾನು ಬಹುವಾಗಿ ಮೆಚ್ಚಿದ ಕೃತಿ’ ಎಂದು ಬರೆದಿದ್ದರು. ಅವಳು ಕೆಂಪು ಪೆನ್ನಿನಲ್ಲಿ ಎತ್ವ ಹೊಡೆದು ಕೊಂಬು ಹಾಕಿ, ಹಾಳೆ ತಿರುಗಿಸಿ ಅವರ ಮುಂದಿಟ್ಟಳು. ‘ಇದು ನಾನು ಬಹುವಾಗಿ ಮುಚ್ಚಿದ ಕೃತಿ.’

"ಹೀಗೇ ಅಚ್ಚು ಹಾಕ್ತೀವಿ ಸಾರ್," ಎಂದಳು. "ನಲವತ್ತು ವರ್ಷ ಬಿಟ್ಟು ಬನ್ನಿ, ಅಷ್ಟೊತ್ತಿಗೆ ಇದೂ ಚರಿತ್ರೆ ಆಗಿರುತ್ತೆ."

ಮೇಷ್ಟ್ರ ಮುಖ ಕೆಂಪಾಯಿತು. ಯಜಮಾನರು ಎದ್ದು ನಿಂತರು, ತಲೆ ಮೆಟ್ಟಿಲಿಗೆ ಬಡಿಯಿತು, ಆ ನೋವೂ ಸೇರಿ ಮಾತು ಹೊರಬಿತ್ತು.

"ಏನು ಪ್ರೂಫಕ್ಕ, ಕೊಂಬು ಬಂದಿದೆಯಾ ನಿಮಗೆ? ಪಾಪ ಅಂತ ಸುಮ್ಮನಿದ್ರೆ ಯಾಕೋ ನಿಮ್ದು ಹೆಚ್ಚಾಯ್ತು."

ಅಕ್ಷರ ಅವರ ಬಾಯಿಂದ ಬಿದ್ದದ್ದೇ ಪ್ರೂಫಕ್ಕನ ಮುಖ ಅರಳಿತು. ಅವಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ಇನ್ನೊಂದ್ಸಲ ಹೇಳಿ ಯಜಮಾನ್ರೇ."

"ಏನು ಹೇಳೋದು? ಹೆಚ್ಚಾಯ್ತು ಅಂದೆ."

"ನಾನೂ ಆಸ್ಪತ್ರೆಗೆ ಹೋಗಿ ಬಂದೋಳೇ, ನಿಮಗೆ ಗೊತ್ತು. ಆದ್ರೂ ಸಿಟ್ಟಲ್ಲಿ ನಿಮ್ಮ ಬಾಯಿಗೆ ಸರಿಯಾದ ಪದಾನೇ ಬಂತು. ಹುಚ್ಚಾಯ್ತು ಅನ್ನಲಿಲ್ಲ ನೀವು. ಯಾರೂ ಅನ್ನಲ್ಲ. ಅಷ್ಟೇ ನಾನು ಹೇಳ್ತಿರೋದು."

ಯಜಮಾನರು ಬಾಯಿ ತೆರೆದರು. ಹುಚ್ಚಾಯ್ತು, ಎಂದು ತುಟಿಯಲ್ಲೇ ಹೇಳಿ ನೋಡಿದರು, ಹೊಂದಲಿಲ್ಲ. ಹೆಚ್ಚಾಯ್ತು, ಎಂದರು. ತಲೆ ಉಜ್ಜಿಕೊಳ್ಳುತ್ತ ಮತ್ತೆ ಕೂತರು. ಮೇಜಿನ ಮೇಲೆ ಅವರ ತಂದೆಯ ಕೆಂಪಕ್ಷರ ಹಾಗೇ ಇತ್ತು. ಅದನ್ನೇ ನೋಡುತ್ತ, "ಅಪ್ಪನಿಗೆ ಒಂದು ಕಾರ್ಡಿಗೆ ಉತ್ತರ ಬರೆಯೋದು ಅಷ್ಟು ಕಷ್ಟ ಆಯ್ತಾ," ಎಂದು ಯಾರಿಗೂ ಅಲ್ಲದಂತೆ ಕೇಳಿದರು. ನಂತರ ಟೈಪು ಮಾಡುವವರನ್ನು ಕೂಗಿ, ನೂರಾ ಹದಿನೇಳು ತೆಗೀರಿ, ಎತ್ವ ಹಾಕಿ ಎಂದರು.

ಮೇಷ್ಟ್ರು ತಮ್ಮ ಮುನ್ನುಡಿಯ ಹನ್ನೆರಡು ಪುಟವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ತಲೆಬರಹ ಹೋದ ಮೇಲೆ ದೇಹ ಇಟ್ಟುಕೊಂಡು ಏನು ಮಾಡ್ತೀರಿ ಎಂದು ಎದ್ದರು. ಹೋಗುವಾಗಲೂ ಬಗ್ಗಲು ಮರೆಯಲಿಲ್ಲ. ಹೊರಗೆ ಹೋಗುವ ಮುನ್ನ ಒಂದು ಕ್ಷಣ ನಿಂತು, ಆ ಮುಚ್ಚಿದ ಕೃತಿಯ ಹಾಳೆಯನ್ನು ಕೇಳಿ ಪಡೆದುಕೊಂಡು ಹೋದರು.

ಈಗ ಇನ್ನೊಂದು ಪೇಚು. ಪುಸ್ತಕ ಹದಿನಾರು ಹದಿನಾರು ಪುಟದ ಕಟ್ಟಾಗಿ ಯಂತ್ರಕ್ಕೆ ಹೋಗುತ್ತದೆ. ಮೊದಲ ಕಟ್ಟಿನಲ್ಲಿ ಹೆಸರಿನ ಪುಟ, ಪರಿವಿಡಿ ಇತ್ಯಾದಿ ನಾಲ್ಕು. ಮಿಕ್ಕ ಹನ್ನೆರಡು ಬಿಳಿ. ಸಂಜೆಯೊಳಗೆ ತುಂಬಬೇಕು. ಯಜಮಾನರು ಫೋನಿನ ಮುಂದೆ ಕೂತು ಯಾರ್ಯಾರನ್ನೋ ನೆನಪಿಸಿಕೊಂಡರು. ಒಬ್ಬರು ಪ್ರವಾಸದಲ್ಲಿ, ಒಬ್ಬರಿಗೆ ಪುಸ್ತಕ ಓದದೆ ಬರೆಯುವ ಅಭ್ಯಾಸ ಇದ್ದರೂ ಇಷ್ಟು ಬೇಗ ಆಗದು. ಕೊನೆಗೆ ಮೆಟ್ಟಿಲ ಕೆಳಗೆ ಇಣುಕಿ, ನೀವೇ ಬರೆದುಬಿಡಿ ಎಂದರು. ಪ್ರೂಫಕ್ಕ ಹೌಹಾರಿದಳು. ಇಪ್ಪತ್ತು ವರ್ಷ ಜನರ ತಪ್ಪು ತಿದ್ದಿ ಗೊತ್ತು, ಸ್ವಂತ ತಪ್ಪು ಮಾಡಿ ಗೊತ್ತಿರಲಿಲ್ಲ.

ಮೊದಲ ವಾಕ್ಯಕ್ಕೆ ಒಂದು ಗಂಟೆ ಹಿಡಿಯಿತು. ಆಮೇಲೆ ಕೈ ನಿಲ್ಲಲಿಲ್ಲ. ಮೂವತ್ತೊಂದು ಗುಂಡುಪಿನ್ನಿನ ವಿಷಯ ಬರೆದಳು. ಸಹನಾಮೂರ್ತಿ ಕಿಟಕಿ ತೆಗೆದ ವಿಷಯ ಬರೆದಳು. ಕಾದಂಬರಿಯ ವಾಕ್ಯಗಳು ನೂರಾ ಹದಿನೇಳನೇ ಪುಟದವರೆಗೆ ಹೇಗೆ ಉದ್ದವಾಗುತ್ತ ಹೋಗುತ್ತವೆ, ಆ ಸಾಲಿನ ನಂತರ ಹೇಗೆ ತುಂಡು ತುಂಡಾಗುತ್ತವೆ, ಇದು ದಿನಚರಿ ಗೀಚುವವಳ ಕೈಯಲ್ಲ, ಒಂದೊಂದು ಅಲ್ಪವಿರಾಮವನ್ನೂ ತೂಗಿ ಇಟ್ಟ ಕಲೆಗಾತಿಯ ಕೈ ಎಂದು ಬರೆದಳು. ಕಾಯಿಲೆಯನ್ನು ಇಲ್ಲವೆನ್ನಲಿಲ್ಲ. ‘ನೂರಾ ನಲವತ್ತನೇ ಪುಟದಿಂದ ಮುಂದೆ ಇರುವುದು ಕಾಯಿಲೆ, ಅದು ಸುಳ್ಳಲ್ಲ, ನನಗೂ ಗೊತ್ತು. ಆದರೆ ಎಲ್ಲರೂ ಪುಸ್ತಕವನ್ನು ನೂರಾ ನಲವತ್ತರಿಂದಲೇ ಓದಲು ಶುರು ಮಾಡಿದರು. ಹೆಂಗಸರನ್ನೂ ಹಾಗೆಯೇ ಓದುತ್ತಾರೆ’ ಎಂದು ಬರೆದಳು. ಕೊಂಬು ಹಾಕಿದವರು ತಾವೇ ಒಪ್ಪಿ ಬರೆಯಲು ಹೇಳಿದ್ದಾರೆ ಎಂದೂ, ಅವರು ಅದನ್ನು ಉಪಕಾರವೆಂದು ನಂಬಿ ಮಾಡಿದ್ದರೆಂದೂ ಸೇರಿಸಿದಳು. ಎರಡು ಕಾರ್ಡುಗಳನ್ನು ಇದ್ದ ಹಾಗೇ ಕೊಟ್ಟಳು, ಕೆಂಪಕ್ಷರದ ಸಾಲೂ ಸೇರಿ. ಯಜಮಾನರು ಆ ಸಾಲಿನ ಮೇಲೆ ಒಂದು ಕ್ಷಣ ಬೆರಳಿಟ್ಟು, ಇರಲಿ ಎಂದರು.

ಅವಳ ಪ್ರೂಫು ನೋಡುವವರು ಯಾರು? ಟೈಪು ಮಾಡುವವರು ನೋಡಿ ಏಳು ತಪ್ಪು ತೆಗೆದು, ಏಳಕ್ಕೂ ಕೆಂಪು ಗುಂಡು ಸುತ್ತಿ, ಪ್ರೂಫಕ್ಕನೂ ದೀರ್ಘ ನುಂಗ್ತಾರೆ ಎಂದು ಇಡೀ ಮುದ್ರಣಾಲಯಕ್ಕೆ ಕೇಳುವಂತೆ ಸಾರಿದರು. ಇಷ್ಟು ಮೋಜಿನ ಅವಮಾನ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಗುರುವಾರ ಯಂತ್ರ ತಿರುಗಿತು. ಶಾಯಿ ಇನ್ನೂ ಒದ್ದೆಯಿದ್ದ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು, ಈ ಸಲ ನೇರವಾಗಿ, ಮೇಲಿನಿಂದ ಕೆಳಗೆ, ಅವಳು ಆ ಪುಟ ಓದಿದಳು. ಸಂಜೆ ಇಡೀ ಕಾದಂಬರಿಯನ್ನು ಮನೆಗೆ ಒಯ್ದು, ಇಪ್ಪತ್ತೆಂಟು ವರ್ಷದ ಹಿಂದೆ ಬಿಟ್ಟ ಜಾಗದಿಂದ ಮುಂದಕ್ಕೆ ಹೋದಳು. ಎಲ್ಲೂ ಪೆನ್ನು ಮುಟ್ಟಲಿಲ್ಲ.

ಪುಸ್ತಕ ಅಂಗಡಿಗೆ ಹೋದ ಎರಡನೇ ವಾರ ಮೊದಲ ಫೋನು ಬಂತು. ಯಾರೋ ಹಿರಿಯ ಓದುಗರು, ದನಿಯಲ್ಲಿ ಬಹಳ ನೋವು. ಕಾದಂಬರಿಯ ಅತಿ ಪ್ರಸಿದ್ಧ ಸಾಲಿನಲ್ಲೇ ಮುದ್ರಣದೋಷ ಉಳಿಸಿದ್ದೀರಿ, ಹು ಹೋಗಿ ಹೆ ಆಗಿದೆ, ನಿಮ್ಮಲ್ಲಿ ಪ್ರೂಫು ನೋಡುವವರು ಇಲ್ಲವೇ ಎಂದು ಕೇಳಿದರು. ಮುನ್ನುಡಿ ಓದುವ ಅಭ್ಯಾಸ ಅವರ ಮನೆತನದಲ್ಲೇ ಇಲ್ಲವಂತೆ. ಅದಾದ ಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಯಜಮಾನರು ಈಗ ಕೇಳುವುದೇ ಇಲ್ಲ. ತಪ್ಪು ಎಂಬ ಪದ ಕಿವಿಗೆ ಬಿದ್ದ ಕೂಡಲೇ ಫೋನನ್ನು ಮೆಟ್ಟಿಲ ಕೆಳಕ್ಕೆ ಚಾಚುತ್ತಾರೆ. ಪ್ರೂಫಕ್ಕ ಚಹಾದ ಲೋಟ ಪಕ್ಕಕ್ಕೆ ಸರಿಸಿ, ಕಾಲು ನೀಡಿ, ಆರಾಮಾಗಿ ಗೋಡೆಗೆ ಒರಗಿ ಕೂರುತ್ತಾಳೆ.

"ಹೌದಾ ಸಾರ್? ಯಾವ ಪುಟ?" ಅನ್ನುತ್ತಾಳೆ. "ಪುರುಸೊತ್ತಿದೆಯಲ್ಲ ನಿಮಗೆ? ಒಂದು ಪುಟ ಹಿಂದಕ್ಕೆ ಹೋಗಿ, ನನಗೋಸ್ಕರ ಜೋರಾಗಿ ಓದಿ. ನಾನು ಎಣಿಸ್ತಿರ್ತೀನಿ."